ಅಕ್ಷಯನೀವಿ: ಸಹ್ಯಾದ್ರಿಯ ಲೇಣಗಳ ದಾರಿಯಲ್ಲಿ



ದತ್ತಿ ಉಪನ್ಯಾಸಕ್ಕೆ ಕರೆ ಬಂದಾಗಲೆಲ್ಲ ನನಗೊಂದು ಕುತೂಹಲ: ಇದರ ಅಸಲು ಎಷ್ಟಿರಬಹುದು? ಕೇಳುವುದು ಸಭ್ಯತೆಯಲ್ಲ, ಕೇಳಿಲ್ಲ. ಆದರೆ ವ್ಯವಹಾರ ಎಲ್ಲರಿಗೂ ಗೊತ್ತಿರುವುದೇ. ಹಿರಿಯರೊಬ್ಬರ ನೆನಪಿಗೆ ಮನೆಯವರು ಒಂದಿಷ್ಟು ಹಣವನ್ನು ಬ್ಯಾಂಕಿನಲ್ಲಿ ಠೇವಣಿ ಇಡುತ್ತಾರೆ. ಅಸಲಿಗೆ ಕೈ ಹಾಕುವಂತಿಲ್ಲ. ಬಡ್ಡಿಯಲ್ಲಿ ವರ್ಷಕ್ಕೊಂದು ಉಪನ್ಯಾಸ, ಒಂದು ಹಾರ, ಸಭಿಕರಿಗೆ ಉಪ್ಪಿಟ್ಟು ಕಾಫಿ, ನನ್ನಂಥವನ ಬಸ್ ಚಾರ್ಜು. ನಾನು ಕಂಡ ಹಾಗೆ, ಬಡ್ಡಿ ದರ ಇಳಿದಾಗ ಮೊದಲು ಹಾರ ಹೋಗುತ್ತದೆ, ಆಮೇಲೆ ಉಪ್ಪಿಟ್ಟು. ಉಪನ್ಯಾಸ ಮಾತ್ರ ಉಳಿಯುತ್ತದೆ. ಹೊಟ್ಟೆಗೆ ಹಾಕುವುದಕ್ಕಿಂತ ಕಿವಿಗೆ ಹಾಕುವುದು ಅಗ್ಗ.

ಇವತ್ತಿನ ವಿಷಯ ಬೆಟ್ಟದ ಗುಹೆಗಳಿಗೆ ಬೌದ್ಧರು ಮಾಡುತ್ತಿದ್ದ, ಈಗಲೂ ಮಾಡುವ ಯಾತ್ರೆ. ಅದನ್ನು ಬಿಟ್ಟು ಬಡ್ಡಿ ಲೆಕ್ಕದಿಂದ ಯಾಕೆ ಶುರುಮಾಡಿದೆ ಎಂದರೆ, ನನ್ನ ಯಾತ್ರೆ ಶುರುವಾದದ್ದೇ ಒಂದು ಬಡ್ಡಿ ಲೆಕ್ಕದಿಂದ.

ನಾಸಿಕದ ಹೊರಗೆ ಒಂದು ಬೆಟ್ಟವಿದೆ. ಹಳೆಯ ಹೆಸರು ತ್ರಿರಶ್ಮಿ. ಜನ ಪಾಂಡವಲೇಣಿ ಅನ್ನುತ್ತಾರೆ. ಕಲ್ಲಿನಲ್ಲಿ ಕೊರೆದ ಏನು ಕಂಡರೂ ಪಾಂಡವರ ಲೆಕ್ಕಕ್ಕೆ ಬರೆಯುವುದು ನಮ್ಮ ಕಡೆಯ ಹಾಗೆ ಅಲ್ಲಿಯೂ ರೂಢಿ. ಅಲ್ಲಿನ ಹತ್ತನೆಯ ಗುಹೆಯಲ್ಲಿ ಕ್ಷಹರಾತ ಕುಲದ ದೊರೆ ನಹಪಾನನ ಅಳಿಯ ಉಷವದಾತನ ಶಾಸನಗಳಿವೆ. ಒಂದರಲ್ಲಿ ಹೀಗೆ ಬರುತ್ತದೆ: ಈ ಲೇಣವನ್ನು ನಾಲ್ಕು ದಿಕ್ಕಿನ ಸಂಘಕ್ಕೆ ಕೊಟ್ಟಿದ್ದಾನೆ; ಅದರ ಜೊತೆಗೆ 3000 ಕಾರ್ಷಾಪಣಗಳ ಅಕ್ಷಯನೀವಿ, ಕರಗದ ಅಸಲು. ಆ ಹಣವನ್ನು ಗೋವರ್ಧನ ಎಂಬ ಊರಿನ ನೇಕಾರರ ಶ್ರೇಣಿಗಳಲ್ಲಿ, ಅಂದರೆ ಕಸುಬಿನವರ ಕೂಟಗಳಲ್ಲಿ, ಇಟ್ಟಿದ್ದಾನೆ. ಒಂದು ಶ್ರೇಣಿಯಲ್ಲಿ 2000, ತಿಂಗಳಿಗೆ ನೂರಕ್ಕೆ ಒಂದರಂತೆ. ಇನ್ನೊಂದರಲ್ಲಿ 1000, ನೂರಕ್ಕೆ ಮುಕ್ಕಾಲರಂತೆ. ಅಸಲು ಹಿಂದಕ್ಕೆ ಕೊಡತಕ್ಕದ್ದಲ್ಲ, ಬಡ್ಡಿ ಮಾತ್ರ ಉಣ್ಣತಕ್ಕದ್ದು. 2000ದ ಬಡ್ಡಿಯಿಂದ, ಈ ಗುಹೆಯಲ್ಲಿ ಮಳೆಗಾಲ ಕಳೆಯುವ 20 ಮಂದಿ ಭಿಕ್ಷುಗಳಿಗೆ ತಲಾ 12 ಕಾರ್ಷಾಪಣ ಚೀವರದ, ಉಡುವ ಬಟ್ಟೆಯ, ಖರ್ಚು.

ನಾನು ಮೊದಲ ಸಲ ಇದನ್ನು ಓದಿದಾಗ ಪೆನ್ಸಿಲ್ ತೆಗೆದು ಅಂಚಿನಲ್ಲಿ ಲೆಕ್ಕ ಹಾಕಿದೆ. ಎರಡು ಸಾವಿರಕ್ಕೆ ತಿಂಗಳಿಗೆ 20, ವರ್ಷಕ್ಕೆ 240. ಇಪ್ಪತ್ತು ಮಂದಿಗೆ ಹನ್ನೆರಡರಂತೆ 240. ಒಂದು ಕಾಸು ಹೆಚ್ಚಿಲ್ಲ, ಕಡಿಮೆಯಿಲ್ಲ. ಸುಮಾರು ಹತ್ತೊಂಬತ್ತು ಶತಮಾನಗಳ ಹಿಂದೆ ಯಾರೋ ಒಬ್ಬ ಗುಮಾಸ್ತ ಈ ಗುಣಾಕಾರ ಮಾಡಿ, ಸರಿಯಿದೆಯೇ ಎಂದು ಮತ್ತೊಮ್ಮೆ ನೋಡಿ, ಕಲ್ಲುಕುಟಿಗನ ಕೈಗೆ ಕೊಟ್ಟಿದ್ದಾನೆ. ಅಷ್ಟೇ ಅಲ್ಲ, ಇದೆಲ್ಲವನ್ನೂ ನಿಗಮಸಭೆಯಲ್ಲಿ ಓದಿ ಹೇಳಿ, ಪದ್ಧತಿಯಂತೆ ಹಲಗೆಯ ಮೇಲೆ ದಾಖಲು ಮಾಡಿಸಿದ್ದೂ ಆಗಿದೆ. ಈಗಿನ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾಡಿಸುವ ಹಾಗೆ. ಜೊತೆಗೆ ಒಂದು ಹಳ್ಳಿಯಲ್ಲಿ 8000 ತೆಂಗಿನ ಸಸಿಯ ದಾನ. ವರ್ಷಕ್ಕೆ ನೂರಕ್ಕೆ ಹನ್ನೆರಡು ಬಡ್ಡಿ! ನಮ್ಮ ದತ್ತಿಗಳಿಗೆ ಆ ನೇಕಾರರು ಸಿಕ್ಕಿದ್ದರೆ ಉಪ್ಪಿಟ್ಟಿನ ಜೊತೆ ಕೇಸರಿಬಾತೂ ಇರುತ್ತಿತ್ತು.

ಬೌದ್ಧ ಗುಹೆ ಎಂದರೆ ಅಲ್ಲಿಯವರೆಗೆ ನನ್ನ ತಲೆಯಲ್ಲಿ ಇದ್ದ ಚಿತ್ರವೇ ಬೇರೆ. ಕಾಡು, ಏಕಾಂತ, ಕಣ್ಣು ಮುಚ್ಚಿ ಕೂತ ಒಬ್ಬ ಸನ್ಯಾಸಿ. ಲೋಕ ಬಿಟ್ಟವರು ಹೋಗಿ ಸೇರುವ ಜಾಗ. ಆ ಚಿತ್ರದಲ್ಲಿ ನೇಕಾರರ ಶ್ರೇಣಿ ಇರಲಿಲ್ಲ, ತೆಂಗಿನ ಸಸಿ ಇರಲಿಲ್ಲ, ಮುಕ್ಕಾಲು ಬಡ್ಡಿ ಇರಲಿಲ್ಲ. ಮುಂದಿನ ಮಳೆಗಾಲಕ್ಕೆ ಹೊರಟೇ ಬಿಟ್ಟೆ.

*

'ಲೇಣ' ಎಂಬ ಮಾತನ್ನು ಒಮ್ಮೆ ನೋಡೋಣ. ಪಶ್ಚಿಮ ಘಟ್ಟದ ಪ್ರಾಕೃತ ಶಾಸನಗಳಲ್ಲಿ ಗುಹೆಗೆ ಇದೇ ಹೆಸರು. ಮರಾಠಿಯ 'ಲೇಣಿ' ಇದರದೇ ಕುಡಿ. ಪಾಲಿಯಲ್ಲಿ ಇದಕ್ಕೆ ಆಸರೆ, ಅಡಗುದಾಣ ಎಂಬ ಅರ್ಥ. ಮಳೆ ಬಂದಾಗ ಓಡಿ ಹೋಗಿ ನಿಲ್ಲುವ ತಾಣ ಎಂದರೂ ಆದೀತು. ಭಿಕ್ಷು ತಿರುಗಾಡುವವನು, ಒಂದೂರಲ್ಲಿ ಬೇರು ಬಿಡುವಂತಿಲ್ಲ. ಆದರೆ ಮಳೆಗಾಲದ ಮೂರು ತಿಂಗಳು ಒಂದೆಡೆ ನಿಲ್ಲಬೇಕು. ವಿನಯಪಿಟಕದಲ್ಲಿ ಬುದ್ಧ ಭಿಕ್ಷುಗಳ ವಾಸಕ್ಕೆ ಒಪ್ಪಿಕೊಂಡ ಐದು ಬಗೆಯ ಮನೆಗಳ ಪಟ್ಟಿ ಬರುತ್ತದೆ. ಅದರಲ್ಲಿ ಗುಹೆಯೂ ಒಂದು. ಆ ಪ್ರಸಂಗದಲ್ಲೂ ಒಬ್ಬ ಸೆಟ್ಟಿಯಿದ್ದಾನೆ: ರಾಜಗೃಹದವನು. ಮರದ ಬುಡದಲ್ಲಿ, ಬಂಡೆಯ ಸಂದಿಯಲ್ಲಿ, ಹುಲ್ಲಿನ ಬಣವೆಯಲ್ಲಿ ಮಲಗಿ ಬೆಳಗ್ಗೆ ಎದ್ದು ಬರುವ ಭಿಕ್ಷುಗಳನ್ನು ಕಂಡು, ಮನೆ ಕಟ್ಟಿಸಿಕೊಡಲೇ ಎಂದು ಕೇಳುತ್ತಾನೆ. ಬುದ್ಧ ಒಪ್ಪಿದ್ದೇ ತಡ, ಒಂದೇ ದಿನದಲ್ಲಿ ಅರವತ್ತು ಮನೆ ಎಬ್ಬಿಸುತ್ತಾನೆ. ಗುತ್ತಿಗೆದಾರರು ಕೇಳಿಸಿಕೊಳ್ಳಬೇಕಾದ ಕತೆ.

ಯಾತ್ರೆಯ ಮಾತು ಬೇರೆ. ಮಹಾಪರಿನಿಬ್ಬಾಣ ಸುತ್ತದಲ್ಲಿ ಬುದ್ಧ ತನ್ನ ಕೊನೆಯ ದಿನಗಳಲ್ಲಿ ಆನಂದನಿಗೆ, ಶ್ರದ್ಧೆಯುಳ್ಳವರು ಹೋಗಿ ನೋಡಬೇಕಾದ ನಾಲ್ಕು ಎಡೆಗಳನ್ನು ಹೇಳುತ್ತಾನೆ. ಹುಟ್ಟಿದ್ದು, ಬೋಧಿ ಪಡೆದದ್ದು, ಮೊದಲ ಬೋಧನೆ ಮಾಡಿದ್ದು, ಪರಿನಿರ್ವಾಣ ಹೊಂದಿದ್ದು. ಲುಂಬಿನಿ, ಬೋಧಗಯೆ, ಸಾರನಾಥ, ಕುಶಿನಗರ. ನಾಲ್ಕೂ ಬಯಲುಸೀಮೆ, ನಾಲ್ಕೂ ಮರದ ನೆರಳು. ಒಂದೂ ಗುಹೆಯಲ್ಲ. ಹಾಗಾದರೆ ಗುಹೆಗೆ ಯಾತ್ರೆ ಹೊರಟವರು ಯಾವುದನ್ನು ನೋಡಲು ಹೊರಟರು?

ಇದಕ್ಕೆ ಒಂದು ಉತ್ತರ ರಾಜಗೃಹದ ಬೆಟ್ಟದಲ್ಲೇ ಇದೆ. ಅಲ್ಲಿನ ಗೃಧ್ರಕೂಟ, ಅಂದರೆ ಹದ್ದಿನ ಬೆಟ್ಟ, ಬುದ್ಧ ಮತ್ತೆ ಮತ್ತೆ ತಂಗಿದ ಜಾಗ. ಅಲ್ಲಿರುವುದು ಯಾರೂ ಕೊರೆಯದ, ಬಂಡೆಗಳು ತಾವಾಗಿ ಒರಗಿ ಆದ ಗವಿಗಳು. ಚೀನಾದಿಂದ 399ರಲ್ಲಿ ಹೊರಟ ಫಾಹಿಯಾನ ಅಲ್ಲಿಗೆ ಬರುವ ಹೊತ್ತಿಗೆ ಐದನೆಯ ಶತಮಾನದ ಆರಂಭ. ಅವನು ಬರೆದಿಟ್ಟದ್ದರಲ್ಲಿ ನನಗೆ ಇಷ್ಟವಾದದ್ದು ಅವನ ಸಂತೆ. ಕೆಳಗಿನ ಊರಿನಲ್ಲಿ ಊದುಬತ್ತಿ, ಹೂವು, ಎಣ್ಣೆ, ದೀಪ ಕೊಂಡುಕೊಂಡ. ದಾರಿ ತೋರಿಸಲು ಅಲ್ಲೇ ಇದ್ದ ಇಬ್ಬರು ಮುದಿ ಭಿಕ್ಷುಗಳನ್ನು ಜೊತೆ ಮಾಡಿಕೊಂಡ. ಬೆಟ್ಟ ಹತ್ತಿ, ಹೂವಿಟ್ಟು, ಕತ್ತಲಾದ ಮೇಲೂ ದೀಪ ಆರದಂತೆ ನೋಡಿಕೊಂಡ. ಆಮೇಲೆ ಅತ್ತ. ಬುದ್ಧ ಇಲ್ಲಿ ಮಾತಾಡಿದ, ನಾನೋ ಕಾಲ ತಪ್ಪಿ ಹುಟ್ಟಿದವನು, ಅವನಿದ್ದ ಜಾಗ ಮಾತ್ರ ನನ್ನ ಪಾಲಿಗೆ ಬಂತು ಎಂಬ ಸಂಕಟ ಅದು. ಗವಿಯ ಮುಂದೆ ಕೂತು ಸೂತ್ರ ಪಠಿಸುತ್ತ ರಾತ್ರಿ ಕಳೆದು ಬೆಳಗ್ಗೆ ಇಳಿದ. ಮರುಭೂಮಿ, ಹಿಮದ ಕಣಿವೆ ಎಲ್ಲ ದಾಟಿ ಬಂದವನು ಕೊನೆಗೆ ಹೋಗಿ ಕೂತದ್ದು ಒಂದು ಖಾಲಿ ಗವಿಯ ಮುಂದೆ.

ಸಹ್ಯಾದ್ರಿಯಲ್ಲಿ ಹೀಗೆ ಅಳಲು ಕಾರಣವಿಲ್ಲ. ಬುದ್ಧ ಇಲ್ಲಿಗೆ ಬಂದವನಲ್ಲ. ಇಲ್ಲಿನ ಯಾತ್ರಿಕ ಬೇರೆಯದನ್ನು ನೋಡಲು ಹತ್ತಬೇಕು.

*

ಪುಣೆಯಿಂದ ಲೋಣಾವಳಕ್ಕೆ ಹೋಗುವ ಲೋಕಲ್ ರೈಲಿನಲ್ಲಿ ಲೋಣಾವಳಕ್ಕೆ ಒಂದು ಸ್ಟೇಷನ್ ಮೊದಲು ಮಳವಲಿ. ಇಳಿದರೆ ಒಂದು ಕಡೆ ಕಾರ್ಲೆಯ ಬೆಟ್ಟ, ಇನ್ನೊಂದು ಕಡೆ ಭಾಜೆಯದು. ಪುಣೆಯಲ್ಲಿ ನೆಲೆಸಿದ ನನ್ನ ಭಾವ ಜೊತೆಗಿದ್ದರು. ನನ್ನ ಹೆಂಡತಿಯ ಅಣ್ಣ. ಶಾಸನಗಳ ಹುಚ್ಚಿಲ್ಲದ ಆರೋಗ್ಯವಂತರು. ಶ್ರಾವಣದ ಮಳೆ. ನಮ್ಮ ಶಿರಸಿಯ ಮಳೆಯ ಹಾಗೆ ಗಾಂಭೀರ್ಯದಿಂದ ಸುರಿಯುವ ಮಳೆಯಲ್ಲ, ಗಾಳಿಯ ಜೊತೆ ಬಂದು ಅಡ್ಡಡ್ಡ ಬಾರಿಸಿ ಹೋಗುವ ಮಳೆ. ಕೊಡೆ ಎರಡನೆಯ ತಿರುವಿನಲ್ಲೇ ಮೇಲ್ಮುಖವಾಯಿತು.

ಕಾರ್ಲೆಯ ಮೆಟ್ಟಿಲು ಮುನ್ನೂರಕ್ಕೂ ಹೆಚ್ಚು. ಆದರೆ ಒಂಟಿತನದ ಮಾತೇ ಇಲ್ಲ. ಎರಡೂ ಕಡೆ ಅಂಗಡಿ: ತೆಂಗಿನಕಾಯಿ, ಹೂವಿನ ವೇಣಿ, ಹಸಿರು ಬಳೆ, ಸೀರೆಯ ಕಣ, ಪೇಢೆ. ಹತ್ತುವವರಲ್ಲಿ ಹೆಚ್ಚಿನವರು ಕೋಳಿಗಳು. ಹಕ್ಕಿಯಲ್ಲ, ಮುಂಬೈ ಕರಾವಳಿಯ ಮೀನುಗಾರರ ಜಾತಿ. ಅವರ ಕುಲದೇವಿ ಏಕವೀರಾ ಆಯಿಯ ಗುಡಿ ಇರುವುದು ಚೈತ್ಯದ, ಅಂದರೆ ಸ್ತೂಪವಿರುವ ಗುಹೆಯ, ಬಾಗಿಲಿಗೇ ಅಂಟಿಕೊಂಡಂತೆ. ಸಾಲು ನಿಂತಿರುವುದು ಆಯಿಯ ದರ್ಶನಕ್ಕೆ. ಒದ್ದೆ ಸೆರಗನ್ನು ತಲೆಗೆ ಎಳೆದುಕೊಂಡು, ಕೂಸನ್ನು ಕಂಕುಳಿಗೇರಿಸಿ, ತುಂಬಿದ ಬುಟ್ಟಿ ಹಿಡಿದ ಹೆಂಗಸರು ನಮ್ಮನ್ನು ಹಿಂದೆ ಹಾಕಿ ಹತ್ತುತ್ತಿದ್ದರು. "ನಿಮ್ಮ ಬೌದ್ಧರೆಲ್ಲಿ ಮಾರಾಯ್ರೆ, ಎಲ್ಲ ನಮ್ಮ ಮಾರಿಜಾತ್ರೆಯವರೇ ಇದ್ದಾರಲ್ಲ" ಎಂದರು ಭಾವ. ಪಂಡಿತರು ಕೆಲವರು ಇಂಥಲ್ಲಿ ಮುಖ ಸಿಂಡರಿಸುವುದನ್ನು ಕಂಡಿದ್ದೇನೆ, ಗುಡಿ ಚೈತ್ಯದ ಮುಖವನ್ನು ಮುಚ್ಚಿದೆ ಎಂದು. ಮುಚ್ಚಿರುವುದು ನಿಜ. ಆದರೆ ಈ ಬೆಟ್ಟ ಹತ್ತುವ ರೂಢಿಯನ್ನು ಎಷ್ಟೋ ಶತಮಾನ ತಪ್ಪದೆ ಉಳಿಸಿಕೊಂಡು ಬಂದವರು ಆಯಿಯ ಮಕ್ಕಳೇ. ಬೌದ್ಧರು ಇಲ್ಲಿಂದ ಹೋದ ಮೇಲೂ ಮೆಟ್ಟಿಲು ಸವೆಯುವುದು ನಿಲ್ಲಲಿಲ್ಲ.

ಗುಡಿಯ ಪಕ್ಕದಲ್ಲಿ ಹದಿನಾರು ಮುಖದ ಸಿಂಹಸ್ತಂಭ. ಗೋತಿಯ ಮಗ ಮಹಾರಠಿ ಅಗ್ನಿಮಿತ್ರಣಕನ ದಾನ. ದಾಟಿ ಒಳಗೆ ಹೋದರೆ ಮುಖಮಂಟಪ; ಎರಡೂ ಪಕ್ಕದ ಗೋಡೆಗಳಲ್ಲಿ ಅರ್ಧ ಹೊರಬಂದ ಆನೆಗಳು. ಅದರ ಒಳಗೆ ಚೈತ್ಯಗೃಹ: 124 ಅಡಿ ಉದ್ದ, ಸುಮಾರು 45 ಅಡಿ ಅಗಲ, ಎತ್ತರವೂ ಹೆಚ್ಚುಕಡಿಮೆ ಅಷ್ಟೇ. ನಮ್ಮ ದೇಶದ ಕಡೆದ ಚೈತ್ಯಗಳಲ್ಲಿ ಇದಕ್ಕಿಂತ ದೊಡ್ಡದು ಇಲ್ಲ. ಮೇಲೆ ನೋಡಿದರೆ ಕಮಾನಿನ ಮರದ ತೊಲೆಗಳು. ಕಲ್ಲಿನ ಚಾವಣಿಗೆ ತೊಲೆಯ ಆಸರೆ ಬೇಕಿಲ್ಲ. ಮರದಲ್ಲಿ ಕಟ್ಟಿದ ಅಭ್ಯಾಸ ಕೈಬಿಡಲಾಗದೆ ತೇಗದ ಪಕ್ಕೆಲುಬು ತಂದು ಕೂರಿಸಿದ್ದಾರೆ. ಅವು ಅಂದಿನವೇ, ಬಹುಪಾಲು ಇನ್ನೂ ಅಲ್ಲೇ ಇವೆ. ಸ್ತೂಪದ ಮೇಲಿನ ಮರದ ಛತ್ರಿ ಕೂಡ. ಹೊರಗೆ ಆ ಮಳೆ, ಒಳಗೆ ಎರಡು ಸಾವಿರ ವರ್ಷದ ಒಣ ತೇಗ. ನಮ್ಮೂರಲ್ಲಿ ಹತ್ತು ವರ್ಷದ ಜಂತಿಗೆ ಗೆದ್ದಲು ಹಿಡಿಯುತ್ತದೆ.

ನಾನು ಇಡೀ ಒಂದು ತಾಸು ಕಂಬಗಳನ್ನು ನೋಡಿದೆ. ಒಟ್ಟು 37. ಎಡಕ್ಕೆ 15, ಬಲಕ್ಕೆ 15. ಒಂದೊಂದರ ಬುಡದಲ್ಲೂ ಕಲ್ಲಿನ ಕೊಡ, ತಲೆಯ ಮೇಲೆ ಆನೆ ಏರಿದ ಗಂಡು ಹೆಣ್ಣು. ಸ್ತೂಪದ ಹಿಂದೆ 7. ಆ ಏಳಕ್ಕೆ ಕೊಡವೂ ಇಲ್ಲ, ಆನೆಯೂ ಇಲ್ಲ, ಬರಿಯ ಎಂಟು ಮೂಲೆಯ ಕಂಬ. ಯಾಕೆ ಎಂಬುದು ಪ್ರದಕ್ಷಿಣೆ ಹಾಕಿದರೆ ಕಾಲಿಗೇ ತಿಳಿಯುತ್ತದೆ. ಎಡಗಡೆಯ ಕಂಬಗಳ ಹಿಂದಿನ ಓಣಿಯಲ್ಲಿ ಹೊರಡಬೇಕು. ಮನುಷ್ಯ ಕೈ ಚಾಚಿದರೆ ಗೋಡೆಗೆ ತಾಗುವಷ್ಟು ಕಿರಿದು. ಮುಂದೆ ಮುಂದೆ ಹೋದ ಹಾಗೆ ಬೆಳಕು ಸಣ್ಣಗಾಗುತ್ತದೆ. ಬಾವಲಿಯ ವಾಸನೆ. ಕಾಲಡಿಯ ಕಲ್ಲು ತಣ್ಣಗೆ. ಸ್ತೂಪದ ಬೆನ್ನಿಗೆ ಬಂದಾಗ ಹೆಚ್ಚುಕಡಿಮೆ ಕತ್ತಲೆಯೇ. ಅಲ್ಲಿ ಆನೆ ಕಡೆದರೆ ನೋಡುವವರು ಯಾರು? ಕೈಯಿಂದ ಕಂಬ ತಡವಿಕೊಂಡು ಹೆಜ್ಜೆ ಇಡಬೇಕು, ಮೂಲೆ ಎಣಿಸಬೇಕು. ಆಮೇಲೆ ಬಲಗಡೆಯ ಓಣಿಗೆ ತಿರುಗಿದ ಕೂಡಲೇ ದೂರದ ಲಾಳಾಕಾರದ ಕಿಟಕಿಯಿಂದ ಬೆಳಕು ಕಂಬ ಕಂಬದ ನಡುವಿನಿಂದ ತುಂಡು ತುಂಡಾಗಿ ಬರತೊಡಗುತ್ತದೆ. ಬೆಳಕಿನಿಂದ ಕತ್ತಲೆಗೆ, ಕತ್ತಲೆಯಿಂದ ಬೆಳಕಿಗೆ, ಹೀಗೆ ಮೂರು ಸುತ್ತು. ಪೂಜೆ ಅಂದರೆ ಇಲ್ಲಿ ನಡಿಗೆ. ಬುದ್ಧನ ಮೂರ್ತಿ ಈ ಚೈತ್ಯ ಕಡೆದಾಗ ಇರಲಿಲ್ಲ. ಹೊರಗೋಡೆಯ ಮೇಲಿರುವ ಬುದ್ಧಮೂರ್ತಿಗಳು ಎಷ್ಟೋ ನಂತರ ಸೇರಿಸಿದವು. ಭಾವ ಒಂದೇ ಸುತ್ತಿಗೆ ಸುಸ್ತಾಗಿ ಬಾಗಿಲಲ್ಲಿ ಕೂತರು.

*

ಕಂಬಗಳ ಮೇಲೆ ಹೆಸರುಗಳಿವೆ. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ, ಒಂದೆರಡು ಸಾಲು. ಬಹಳ ಮಂದಿ ಧೇನುಕಾಕಟ ಎಂಬ ಊರಿನವರು. ಅವರಲ್ಲಿ ಯವನರು ಎಂದು ತಮ್ಮನ್ನೇ ಕರೆದುಕೊಂಡವರು ಹಲವರು. ಒಬ್ಬೊಬ್ಬರು ಒಂದೊಂದು ಕಂಬಕ್ಕೆ ಹಣ ಕೊಟ್ಟಿದ್ದಾರೆ. ಸೋಪಾರಾದ ಒಬ್ಬ ಸೂತ್ರಪಾಠಕ, ಹೆಸರು ಸಾತಿಮಿತ, ಅವಶೇಷವನ್ನೇ ಒಳಗಿಟ್ಟ ಕಂಬ ಕೊಟ್ಟಿದ್ದಾನೆ. ಗಂಧದ ವ್ಯಾಪಾರಿ ಸಿಂಹದತ್ತ ಬಾಗಿಲ ಮುಖ ಮಾಡಿಸಿದ್ದಾನೆ. ಅದೇ ಬಾಗಿಲ ಬಳಿ ಬಡಗಿಯೊಬ್ಬನ ಹೆಸರೂ ಇದೆ: ವೇಣುವಾಸನ ಮಗ ಸಾಮಿ. ಮಹಾದೇವಣಕ ಎಂಬ ಗೃಹಸ್ಥನ ತಾಯಿ ಭಾಯಿಲಾಳ ದಾನವೂ ಇದೆ. ಸಾಮಿ ದುಡ್ಡು ಕೊಟ್ಟವನೋ, ಕೂಲಿ ಪಡೆದವನೋ, ಎರಡೂ ಹೌದೋ, ಅವನು ಬಡಗಿ ಎಂದು ಹೇಳಿಕೊಳ್ಳಲು ನಾಚಲಿಲ್ಲ, ಅದು ನನಗೆ ಸಾಕು.

ಇನ್ನು ನಮ್ಮವನ ವಿಷಯ. ಮುಖಮಂಟಪದಲ್ಲಿ ಒಂದು ಶಾಸನ. ವೈಜಯಂತಿಯಿಂದ ಬಂದ ಸೆಟ್ಟಿ ಭೂತಪಾಲ ಈ ಶೈಲಗೃಹವನ್ನು ಪೂರ್ತಿಗೊಳಿಸಿದ, ಜಂಬೂದ್ವೀಪದಲ್ಲೇ ಇದು ಉತ್ತಮವಾದದ್ದು ಎಂದು ಅದರ ತಾತ್ಪರ್ಯ. ವೈಜಯಂತಿ ಎಂದರೆ ನಮ್ಮ ಬನವಾಸಿ. ವರದೆಯ ದಂಡೆಯ ಬನವಾಸಿ. ನಮ್ಮ ಮನೆಯಿಂದ ಬಸ್ಸಿಗೆ ಒಂದು ತಾಸಿನ ದಾರಿ.

ಆ ಶಾಸನಕ್ಕಾಗಿ ನಾನು ಎರಡು ಸಲ ಮಂಟಪದ ಉದ್ದಕ್ಕೂ ಓಡಾಡಿದೆ. ಪುಸ್ತಕದಲ್ಲಿ ನೂರು ಸಲ ಓದಿದ ಸಾಲು ಕಲ್ಲಿನ ಮೇಲೆ ಕಣ್ಣಿಗೆ ಬೀಳಲೊಲ್ಲದು. ಮಳೆಯ ತೇವಕ್ಕೆ ಕಲ್ಲು ಕಪ್ಪಾಗಿತ್ತು. ಕೊನೆಗೆ ಭಾವ ತಮ್ಮ ಮೊಬೈಲಿನ ದೀಪವನ್ನು ಗೋಡೆಗೆ ಒರಗಿಸಿ ಅಡ್ಡ ಹಿಡಿದರು. ಅಡ್ಡ ಬೆಳಕಿಗೆ ಅಕ್ಷರಗಳ ನೆರಳು ಎದ್ದಿತು. ಶಾಸನ ಓದುವವರು ಕಲಿಯುವ ಮೊದಲ ಪಾಠ ಅದು; ನಾನು ಮರೆತಿದ್ದೆ, ಅವರಿಗೆ ಸಹಜವಾಗಿ ಹೊಳೆಯಿತು. "ಬೈಕಿನ ಟ್ಯಾಂಕಿನ ಮೇಲೆ ನಗ್ಗು ಹುಡುಕೋದು ಹೀಗೇ" ಎಂದರು. ವೇಜಯಂತಿತೋ. ನನ್ನ ತುಟಿ ತಾನಾಗಿ ಓದಿತು. ಪರವೂರಿನ ಸಂತೆಯಲ್ಲಿ ನಮ್ಮೂರಿನವರ ದನಿ ಕಿವಿಗೆ ಬಿದ್ದ ಹಾಗಾಯಿತು.

'ಪೂರ್ತಿಗೊಳಿಸಿದ' ಎಂಬ ಆ ಕ್ರಿಯಾಪದವನ್ನು ನಾನು ಹೀಗೆ ಓದುತ್ತೇನೆ. ಕಂಬಕ್ಕೊಬ್ಬ, ಬಾಗಿಲಿಗೊಬ್ಬ ಎಂದು ಹತ್ತಾರು ಮಂದಿ ಕೂಡಿ ಮಾಡಿದ ಕೆಲಸ ಇದು. ನಮ್ಮೂರಿನ ಗುಡಿಯ ಜೀರ್ಣೋದ್ಧಾರದಲ್ಲಿ ನೋಡಿದ್ದೇವಲ್ಲ, ಎಲ್ಲ ಆಗಿ ಕಲಶಕ್ಕೆ ದುಡ್ಡು ಕಡಿಮೆ ಬಿದ್ದಾಗ ದೂರದ ಊರಿಂದ ಒಬ್ಬ ವ್ಯಾಪಾರಿ ಬಂದು, ಉಳಿದದ್ದು ನನ್ನದು ಅನ್ನುತ್ತಾನೆ. ಆಮೇಲೆ ಊರಿಗೆ ಊರೇ ಗುಡಿ ಕಟ್ಟಿದರೂ ದೊಡ್ಡ ಅಕ್ಷರದ ಕಲ್ಲು ಅವನದೇ. ಭೂತಪಾಲನ ಜಂಬವೂ ಆ ಜಾತಿಯದು. ಆದರೆ ಅದು ಸುಳ್ಳು ಜಂಬವಲ್ಲ.

ಬನವಾಸಿಯ ಸೆಟ್ಟಿಗೆ ಬುದ್ಧನ ಗುಡಿಯ ಗೊಡವೆ ಎಲ್ಲಿಯದು ಎಂದು ಕೇಳುವವರಿದ್ದಾರೆ. ಸಿಂಹಳದ ಮಹಾವಂಸದ ಪ್ರಕಾರ ಅಶೋಕನ ಕಾಲದಲ್ಲೇ ರಕ್ಖಿತ ಎಂಬ ಥೇರ ವನವಾಸಿಗೆ ಬಂದ. ಬನವಾಸಿಯ ಮಧುಕೇಶ್ವರ ಗುಡಿಯ ಆವರಣದ ನಾಗಶಿಲ್ಪವನ್ನು ನೋಡಿದ್ದೀರಿ. ಚುಟುವಂಶದ ಸಾತಕರ್ಣಿಯ ಕಾಲದ ಆ ಶಾಸನದಲ್ಲಿ ನಾಗದ ಜೊತೆಗೆ ಕೆರೆ, ವಿಹಾರಗಳ ದಾನವಿದೆ. ನಾಗಾರ್ಜುನಕೊಂಡದಲ್ಲಿ ವಿಹಾರ ಕಟ್ಟಿಸಿದ ಕೊಡಬಲಿಸಿರಿ ವನವಾಸದ ರಾಜನ ಪಟ್ಟದ ರಾಣಿ. ನಾವು ಬನವಾಸಿ ಎಂದ ಕೂಡಲೇ ಕದಂಬರಿಂದ ಎಣಿಸಲು ಶುರುಮಾಡುತ್ತೇವೆ, ಅದಕ್ಕೂ ಹಿಂದಿನ ಪುಟಗಳು ಅಂಟಿಕೊಂಡೇ ಉಳಿದಿವೆ.

ಭೂತಪಾಲ ಬೆಟ್ಟ ಹತ್ತಿದ್ದು ಭಕ್ತಿಯಿಂದಲೋ ವ್ಯಾಪಾರದಿಂದಲೋ ಎಂಬ ಪ್ರಶ್ನೆಯೇ ತಪ್ಪು ಅನಿಸುತ್ತದೆ. ಕಾರ್ಲೆ, ಭಾಜೆ, ಬೇಡ್ಸೆ ಮೂರೂ ಇರುವುದು ಬೋರ್‌ಘಾಟಿನ ನೆತ್ತಿಯ ಹತ್ತಿರ. ಜುನ್ನರದ ಗುಹೆಗಳು ನಾಣೇಘಾಟಿನ ಮೇಲ್ಗಡೆ. ಕರಾವಳಿಯ ಸೋಪಾರಾ, ಕಲ್ಯಾಣಗಳಿಂದ ಎತ್ತಿನ ಮೇಲೆ ಹೇರು ಹೇರಿಕೊಂಡು ಘಟ್ಟ ಹತ್ತಿದವನಿಗೆ ಮೊದಲ ಉಸಿರು ಬಿಡುವ ಜಾಗಗಳು ಇವೇ. ನೀರು ಸಿಗುತ್ತದೆ, ಕೂತುಕೊಳ್ಳಲು ಕಲ್ಲಿನ ಬೆಂಚು, ನಾಲ್ಕು ಮಾತಾಡಲು ಓದು ಬಲ್ಲ ಜನ. ಹೊರಡುವಾಗ ಒಂದು ಸುತ್ತು, ಒಂದು ಕಾಣಿಕೆ. ಲೋಕ ಬಿಟ್ಟವರು ದಾರಿಯ ಮಗ್ಗುಲಲ್ಲೇ ಮನೆ ಹಿಡಿದರು, ದಾರಿಯಲ್ಲಿ ಹೋಗುವವರು ಅವರ ಮನೆ ನಡೆಸಿದರು.

*

ಕಾನ್ಹೇರಿಗೆ ಹೋದದ್ದು ಎರಡು ವರ್ಷದ ನಂತರ, ಬುದ್ಧಪೂರ್ಣಿಮೆಯ ದಿನ. ಮುಂಬೈಯ ಬೋರಿವಲಿಯ ರಾಷ್ಟ್ರೀಯ ಉದ್ಯಾನದೊಳಗೆ ಅದು. ಹಳೆಯ ಹೆಸರು ಕಣ್ಹಗಿರಿ, ಕೃಷ್ಣಗಿರಿ. ನೂರಕ್ಕೂ ಹೆಚ್ಚು ಗುಹೆಗಳು. 109 ಎಂದು ಎಣಿಸುತ್ತಾರೆ. ಮೂರನೆಯ ಗುಹೆಯ ಚೈತ್ಯ ಕಾರ್ಲೆಯನ್ನು ನೋಡಿ ಕಡೆದದ್ದು, ಆದರೆ ಆ ಕೈ ಇಲ್ಲ. ಕಾನ್ಹೇರಿಯ ಹೆಚ್ಚುಗಾರಿಕೆ ನೀರು. ಹೆಚ್ಚುಕಡಿಮೆ ಪ್ರತಿ ಗುಹೆಯ ಪಕ್ಕದಲ್ಲೂ ಬಂಡೆಯಲ್ಲಿ ಕೊರೆದ ತೊಟ್ಟಿ, ಬೆಟ್ಟದ ಮೈಯಲ್ಲೆಲ್ಲ ಮಳೆನೀರನ್ನು ಅದಕ್ಕೆ ಇಳಿಸುವ ಸಣ್ಣ ಕಾಲುವೆ. ಶಾಸನಗಳಲ್ಲಿ ಈ ತೊಟ್ಟಿಗೆ 'ಪೋಢಿ' ಎನ್ನುತ್ತಾರೆ. ಕಲ್ಯಾಣದವರು, ಸೋಪಾರಾದವರು, ಚೇಮುಲದವರು ಪೋಢಿಗಳನ್ನು ದಾನ ಮಾಡಿದ್ದಾರೆ. ವಾಸಿಷ್ಠೀಪುತ್ರ ಸಾತಕರ್ಣಿಯ ರಾಣಿಯ ಪ್ರಸ್ತಾಪ ಬರುವುದೂ ಒಂದು ತೊಟ್ಟಿಯ ಶಾಸನದಲ್ಲೇ. ಅವಳು ಕಾರ್ದಮಕ ಕುಲದ ಮಹಾಕ್ಷತ್ರಪನ ಮಗಳು. ಕಾದಾಡುವ ಎರಡು ಮನೆಗಳ ನಡುವಿನ ಸಂಬಂಧಕ್ಕೆ ಸಾಕ್ಷಿಯಾಗಿ ಒಂದು ನೀರಿನ ತೊಟ್ಟಿ.

ಒಂಬತ್ತನೆಯ ಶತಮಾನದ ಮೂರು ಶಾಸನಗಳು ಇಲ್ಲಿ ನಮ್ಮ ಮಾನ್ಯಖೇಟದ ಅಮೋಘವರ್ಷನನ್ನು ಒಡೆಯ ಎಂದು ಹೆಸರಿಸುತ್ತವೆ. ಕೊಂಕಣ ಆಗ ಅವನ ಸಾಮಂತರಾದ ಶಿಲಾಹಾರರ ಕೈಯಲ್ಲಿತ್ತು. ಗೌಡದೇಶದಿಂದ, ಅಂದರೆ ಬಂಗಾಳದ ಕಡೆಯಿಂದ ಬಂದ ಅವಿಘ್ನಾಕರ ಎಂಬ ಉಪಾಸಕ ಇಲ್ಲಿ ಧ್ಯಾನದ ಕೋಣೆಗಳನ್ನು ಮಾಡಿಸಿ, ಭಿಕ್ಷುಗಳ ಬಟ್ಟೆಬರೆಗೆ ನೂರು ದ್ರಮ್ಮ ಇಟ್ಟ. ಮತ್ತೆ ಅದೇ ಅಕ್ಷಯನೀವಿ. ದೊರೆ ಕನ್ನಡದವನು, ಜೈನ ಧರ್ಮದತ್ತ ಒಲಿದವನು, ದಾನಿ ಬಂಗಾಳದವನು, ಬೆಟ್ಟ ಕೊಂಕಣದ್ದು. ಇನ್ನೊಂದು ತಮಾಷೆಯೆಂದರೆ, 1009 ಮತ್ತು 1021ರಲ್ಲಿ ಪಾರಸಿಕರ ತಂಡಗಳು ಇಲ್ಲಿಗೆ ಬಂದು ಪಹ್ಲವಿ ಲಿಪಿಯಲ್ಲಿ ತಮ್ಮ ಹೆಸರುಗಳನ್ನು 90ನೆಯ ಗುಹೆಯಲ್ಲಿ ಬರೆದುಹೋದವು. ಅವರು ಅಗ್ನಿಯನ್ನು ಪೂಜಿಸುವವರು, ನೋಡಲು ಬಂದವರು. ಬಂದೆವು ಎಂದು ಬರೆದರು, ಅಷ್ಟೇ. ಅಜಂತಾದ ಹತ್ತನೆಯ ಗುಹೆಯಲ್ಲಿ 1819ರ ಏಪ್ರಿಲ್‌ನಲ್ಲಿ ಮದ್ರಾಸ್ ಸೈನ್ಯದ ಅಧಿಕಾರಿ ಜಾನ್ ಸ್ಮಿತ್ ಕೂಡ ಬರೆದ, ಬಣ್ಣದ ಚಿತ್ರವಿದ್ದ ಕಂಬದ ಮೇಲೆ, ಚೂರಿಯಲ್ಲಿ ಗೀಚಿ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನನಗೆ ಮನಸ್ಸಿಲ್ಲ.

ಅಜಂತಾ ಎಂದ ಮೇಲೆ ಚೀನಾದ ಇನ್ನೊಬ್ಬ ಯಾತ್ರಿಕ ಹ್ಯೂಯೆನ್‌ತ್ಸಾಂಗನನ್ನು ಬಿಡುವಂತಿಲ್ಲ. ಇಮ್ಮಡಿ ಪುಲಕೇಶಿಯ ರಾಜ್ಯಕ್ಕೆ ಅವನು ಬಂದದ್ದು ಏಳನೆಯ ಶತಮಾನದ ನಾಲ್ಕನೆಯ ದಶಕದ ಕೊನೆಯ ಸುಮಾರಿಗೆ. ರಾಜ್ಯದ ಪೂರ್ವದ ಗಡಿಯ ಒಂದು ಕತ್ತಲ ಕಣಿವೆಯಲ್ಲಿ ವಿಹಾರವಿದೆ, ಬಾಗಿಲ ಎರಡೂ ಕಡೆ ಕಲ್ಲಿನ ಆನೆಗಳಿವೆ ಎಂದು ಬರೆದಿದ್ದಾನೆ. ಹದಿನಾರನೆಯ ಗುಹೆಯ ಕೆಳಗಿನ ಬಾಗಿಲಲ್ಲಿ ಆ ಎರಡು ಆನೆ ಮೊಣಕಾಲೂರಿ ಇವತ್ತಿಗೂ ಕೂತಿವೆ. ಅವನು ಹೇಳುವ ಎಪ್ಪತ್ತು ಅಡಿಯ ಬುದ್ಧ ಮಾತ್ರ ಅಲ್ಲಿಲ್ಲ. ತಾನೇ ನೋಡದೆ ಕೇಳಿ ಬರೆದದ್ದಿರಬೇಕು ಎನ್ನುತ್ತಾರೆ. ಯಾತ್ರೆ ಹೋಗಿ ಬಂದವರ ಬಾಯಲ್ಲಿ ದೇವರು ನಾಲ್ಕು ಅಡಿ ಬೆಳೆಯುವುದು ಹೊಸತಲ್ಲ.

*

ಬುದ್ಧಪೂರ್ಣಿಮೆಯ ಕಾನ್ಹೇರಿಗೆ ಮರಳುತ್ತೇನೆ. ವೈಶಾಖದ ಸೆಕೆ. ಬಿಳಿ ಸೀರೆ, ಬಿಳಿ ಅಂಗಿಯ ಸಂಸಾರಗಳು ಬೆಳಗಿನಿಂದಲೇ ಬರುತ್ತಿದ್ದವು. ಹೆಚ್ಚಿನವರು ಬಾಬಾಸಾಹೇಬರ ಹಿಂದೆ ಧಮ್ಮಕ್ಕೆ ಬಂದ ಮನೆತನಗಳವರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ನಡೆದ ದೀಕ್ಷೆ ನಮಗೆಲ್ಲ ಗೊತ್ತು. ಅದಕ್ಕೂ ಮೊದಲು, 1954ರ ಡಿಸೆಂಬರ್ 25ರಂದು ಅಂಬೇಡ್ಕರ್ ಅವರು ಪುಣೆಯ ಹತ್ತಿರದ ದೇಹುರೋಡಿನಲ್ಲಿ ಬುದ್ಧಮೂರ್ತಿಯೊಂದನ್ನು ಪ್ರತಿಷ್ಠಾಪಿಸಿದ್ದರು. ನಾನು ಕಾರ್ಲೆಗೆ ಹೋದ ಲೋಕಲ್ ರೈಲು ನಿಲ್ಲುವ ಸ್ಟೇಷನ್ ಅದು. ಮೊದಲ ಸಲ ಕಿಟಕಿಯಿಂದ ಹೆಸರು ಓದಿ ಸುಮ್ಮನಾಗಿದ್ದೆ.

ಈ ಜನಕ್ಕೆ ಲೇಣಿಗಳು ಪುರಾತತ್ವ ಇಲಾಖೆಯ ಸ್ಮಾರಕವಲ್ಲ. ದೊಡ್ಡ ಬುದ್ಧಮೂರ್ತಿಗಳ ಮುಂದೆ ಮೊಂಬತ್ತಿ ಹಚ್ಚಲು ಕಾವಲುಗಾರ ಬಿಡಲಿಲ್ಲ, ಹೊಗೆಗೆ ಕಲ್ಲು ಕೆಡುತ್ತದೆ ಎಂದ. ಯಾರೂ ಜಗಳಕ್ಕೆ ನಿಲ್ಲಲಿಲ್ಲ. ಹಚ್ಚದ ಮೊಂಬತ್ತಿಯನ್ನೇ ಕೈಯಲ್ಲಿ ಹಿಡಿದು ತ್ರಿಶರಣ ಹೇಳಿದರು. ಗುಹೆಯ ಗುಂಗು ಆ ಮೂರು ಸಾಲನ್ನು ಹಿಡಿದುಕೊಂಡು ಸ್ವಲ್ಪ ಹೊತ್ತು ಬಿಡಲಿಲ್ಲ. ಒಬ್ಬ ಹುಡುಗ, ಹತ್ತನೆಯ ತರಗತಿಯವನಿರಬೇಕು, ಗೋಡೆಯ ಬ್ರಾಹ್ಮಿಯನ್ನು ಬೆರಳಿಟ್ಟು ಓದುತ್ತಿದ್ದ. ಅವರ ವಸತಿಯಲ್ಲಿ ಭಾನುವಾರ ಬ್ರಾಹ್ಮಿ ಕಲಿಸುತ್ತಾರಂತೆ. "ದೇಯಧಮ್ಮ" ಎಂದು ಅವನು ಜೋರಾಗಿ ಓದಿ ತಾಯಿಯ ಕಡೆ ನೋಡಿದ. ಕೊಡತಕ್ಕ ಧರ್ಮ, ದಾನ ಎಂಬ ಅರ್ಥ. ಗುಹೆ ಗುಹೆಯಲ್ಲೂ ಬರುವ ಮಾತು. ಎಂ.ಎ. ತರಗತಿಗೆ ಇದನ್ನು ಓದಿಸಲು ನಾನು ಪಟ್ಟ ಪಾಡು ನೆನೆದು ಹೊಟ್ಟೆಕಿಚ್ಚಾಯಿತು.

ಮೇಲಿನ ಸಾಲಿನ ಒಂದು ಗುಹೆಯ ಪಕ್ಕ ಅರವತ್ತು ದಾಟಿದ ಹೆಂಗಸೊಬ್ಬಳು ಪೋಢಿಯ ಅಂಚಿನಲ್ಲಿ ಕೂತಿದ್ದಳು. ಮಂಡಿನೋವು; ಮಕ್ಕಳು ಮುಂದೆ ಹೋಗಿದ್ದರು. ನಾನೂ ಉಸಿರು ಬಿಡಲು ಕೂತೆ. ಬೇಸಿಗೆಯ ಕೊನೆಯಾದ್ದರಿಂದ ನೀರು ಆಳದಲ್ಲಿತ್ತು, ಮೇಲೆ ಎಲೆ ಬಿದ್ದಿತ್ತು. ಕುಡಿಯುವಂತಿರಲಿಲ್ಲ. ತನ್ನ ಚೀಲದಿಂದ ಸ್ಟೀಲಿನ ತಂಬಿಗೆ ತೆಗೆದು, ಮನೆಯಿಂದ ತಂದ ನೀರು ನನಗೂ ಸುರಿದಳು. ಯಾವ ಊರು ಎಂದು ಮರಾಠಿಯಲ್ಲಿ ಕೇಳಿದಳು. ಬನವಾಸಿಯ ಹತ್ತಿರ ಎಂದೆ, ಗೊತ್ತಾಗಲಿಲ್ಲ. ಕರ್ನಾಟಕ ಎಂದೆ. ಅಷ್ಟು ದೂರದಿಂದ ಇಲ್ಲಿಗೆ ಯಾರು ಬರುತ್ತಾರೆ ಎಂದು ನಕ್ಕಳು.

ನಾನು ನನ್ನ ಹರಕು ಮರಾಠಿಯಲ್ಲಿ ಭೂತಪಾಲನ ಕತೆ ಹೇಳಿದೆ. ಕಾರ್ಲೆ ಎಂದ ಕೂಡಲೇ ಅವಳ ಮುಖ ಅರಳಿತು. ಅದು ಗೊತ್ತು, ಆಯಿಯ ಗುಡಿಯ ಹತ್ತಿರದ್ದು, ಹೋಗಿದ್ದೇವೆ ಎಂದಳು. ಕೇಳುತ್ತ ಕೇಳುತ್ತ ಕೊನೆಗೆ ಒಂದು ಪ್ರಶ್ನೆ ಹಾಕಿದಳು: ಆ ಸೆಟ್ಟಿ ಅಷ್ಟೆಲ್ಲ ಹಣ ಕೊಟ್ಟನಲ್ಲ, ಆಮೇಲೆ ನೋಡಲು ಮತ್ತೆ ಬಂದನೇ?

ಶಾಸನದಲ್ಲಿ ಅದಿಲ್ಲ ಎಂದೆ. ತಂಬಿಗೆಯಲ್ಲಿ ಉಳಿದ ನೀರನ್ನು ಅವಳು ಪೋಢಿಯೊಳಗೆ ಸುರಿದು, ಬಂಡೆ ಹಿಡಿದು ಎದ್ದಳು.